ಟ್ರ್ಯಾಕ್ಟರ್ ಅಗ್ಗವಾಯಿತು, ಹಿಂದೆ ತಿರುಗುವ ಶಾಫ್ಟಿನ ಕವರ್ ಎಲ್ಲಿ ಹೋಯಿತು?

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 7 ಲಕ್ಷ ರೂ. ಬೆಲೆಯ ಟ್ರ್ಯಾಕ್ಟರ್ ಎಂದರೆ ಲೆಕ್ಕದ ಪ್ರಕಾರ 49 ಸಾವಿರ ರೂ. ಉಳಿತಾಯ. ಉಳುಮೆ, ಬಿತ್ತನೆ, ಒಕ್ಕಣೆಯ ಯಂತ್ರಗಳಿಗೂ ಇದೇ ಲಾಭ ಸಿಕ್ಕಿದೆ. ಪುಣೆ, ಹೈದರಾಬಾದ್‌ನಲ್ಲಿ ದುಡಿಯುತ್ತ ಊರಿನ ಜಮೀನಿಗೆ ಹಣ ಕಳುಹಿಸುವ ಕನ್ನಡಿಗರ ಮನೆಗಳಲ್ಲೂ ಈಗ ಟ್ರ್ಯಾಕ್ಟರ್ ಖರೀದಿಯ ಮಾತು ಬರುವುದು ಸಹಜ.

ಆದರೆ ಟ್ರ್ಯಾಕ್ಟರನ್ನೂ ಯಂತ್ರವನ್ನೂ ಜೋಡಿಸುವ ಒಂದು ಭಾಗದ ಬಗ್ಗೆ ಯಾರೂ ಮಾತನಾಡುವುದಿಲ್ಲ. ಅದೇ ಪಿಟಿಒ ಶಾಫ್ಟ್. ಯಾಂತ್ರೀಕರಣದ ನಿಜವಾದ ಲಾಭ ಇರುವುದು ಇಲ್ಲಿ, ಅದರ ದೊಡ್ಡ ಅಪಾಯ ಇರುವುದೂ ಇಲ್ಲೇ.

ಒಂದೇ ಶಾಫ್ಟ್, ಹತ್ತು ಕೆಲಸ

ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಹಲ್ಲುಗಳಿರುವ ಚಿಕ್ಕ ದಂಡವೊಂದು ಹೊರಬಂದಿರುತ್ತದೆ. ಎಂಜಿನ್ನಿನ ಶಕ್ತಿ ಹೊರಗಿನ ಯಂತ್ರಕ್ಕೆ ಹರಿಯುವುದು ಇದರ ಮೂಲಕ. ಸಾಮಾನ್ಯವಾಗಿ ಇದಕ್ಕೆ ಆರು ಹಲ್ಲು, ಸುಮಾರು 35 ಮಿ.ಮೀ. ವ್ಯಾಸ, ನಿಮಿಷಕ್ಕೆ 540 ಸುತ್ತು. ಈ ಅಳತೆಗಳು ಅಂತಾರಾಷ್ಟ್ರೀಯ ಮಾನದಂಡದಂತೆ ಇರುವುದರಿಂದಲೇ ಒಂದು ಕಂಪನಿಯ ಟ್ರ್ಯಾಕ್ಟರಿಗೆ ಇನ್ನೊಂದು ಕಂಪನಿಯ ಯಂತ್ರ ಹೊಂದಿಕೊಳ್ಳುತ್ತದೆ.

ಬೆಳಿಗ್ಗೆ ರೋಟಾವೇಟರ್, ಮಧ್ಯಾಹ್ನ ನೀರಿನ ಪಂಪ್, ಸುಗ್ಗಿಯಲ್ಲಿ ಒಕ್ಕಣೆ ಯಂತ್ರ. ನಾಸಿಕ್, ಸಾಂಗ್ಲಿ, ವಿಜಯಪುರದ ದ್ರಾಕ್ಷಿ ತೋಟಗಳಲ್ಲಿ ಔಷಧಿ ಸಿಂಪಡಿಸುವ ಬ್ಲೋವರ್, ಪಂಜಾಬ್-ಹರಿಯಾಣದಲ್ಲಿ ಭತ್ತದ ಕೂಳೆ ಸುಡದೆ ಗೋಧಿ ಬಿತ್ತುವ ಹ್ಯಾಪಿ ಸೀಡರ್. ಎಲ್ಲವೂ ಇದೇ ದಂಡದಿಂದ ತಿರುಗುತ್ತವೆ.

ಹಾಗೆಂದು ಜೋಡಿಸಿದರೆ ಸಾಕು, ಎಲ್ಲ ಕೆಲಸವೂ ಆಗುತ್ತದೆ ಎಂದಲ್ಲ. ಜನರೇಟರ್ ಉದಾಹರಣೆ ನೋಡಿ. ನಾಲ್ಕು ಧ್ರುವಗಳ ಜನರೇಟರ್ 50 ಹರ್ಟ್ಸ್ ವಿದ್ಯುತ್ ಕೊಡಲು ನಿಮಿಷಕ್ಕೆ 1500 ಸುತ್ತು ತಿರುಗಬೇಕು. 540 ಸುತ್ತನ್ನು ಅಲ್ಲಿಗೆ ಏರಿಸಲು ನಡುವೆ ಗೇರ್‌ಬಾಕ್ಸ್ ಅಥವಾ ಪುಲ್ಲಿ-ಬೆಲ್ಟ್ ಬೇಕು. ಎಂಜಿನ್ ಅಶ್ವಶಕ್ತಿ ಪೂರ್ತಿ ಪಿಟಿಒಗೆ ಬರುವುದಿಲ್ಲ ಎಂಬುದೂ ಗಮನದಲ್ಲಿರಬೇಕು. ರೋಟಾವೇಟರ್ ಕೊಳ್ಳುವಾಗ ಕೇಳಬೇಕಾದದ್ದು ಎಂಜಿನ್ ಎಚ್‌ಪಿ ಅಲ್ಲ, ಪಿಟಿಒ ಎಚ್‌ಪಿ.

ಕತ್ತರಿಸು, ಬೆಸೆ, ಓಡಿಸು

ಟ್ರ್ಯಾಕ್ಟರ್ ಮತ್ತು ಯಂತ್ರದ ನಡುವಿನ ಶಾಫ್ಟ್ ಒಂದರೊಳಗೊಂದು ಜಾರುವ ಎರಡು ಕೊಳವೆಗಳಿಂದ ಆಗಿದ್ದು, ಎರಡೂ ತುದಿಯಲ್ಲಿ ಯೂನಿವರ್ಸಲ್ ಜಾಯಿಂಟ್ ಇರುತ್ತದೆ. ಇದರ ಉದ್ದ ಪ್ರತಿ ಟ್ರ್ಯಾಕ್ಟರ್-ಯಂತ್ರದ ಜೋಡಿಗೂ ಬೇರೆ. ಉದ್ದ ಹೆಚ್ಚಾದರೆ ಯಂತ್ರ ಎತ್ತಿದಾಗಲೋ ತಿರುವಿನಲ್ಲೋ ಕೊಳವೆಗಳು ಒತ್ತಿಕೊಂಡು ಗೇರ್‌ಬಾಕ್ಸ್ ಒಡೆಯಬಹುದು. ಕಡಿಮೆಯಾದರೆ ಓಡುತ್ತಿರುವಾಗಲೇ ಎರಡು ಭಾಗ ಕಳಚಿ ಬೀಸುತ್ತವೆ.

ಕಂಪನಿಗಳು ಎರಡೂ ಕೊಳವೆಗಳನ್ನು ಸಮವಾಗಿ ಕತ್ತರಿಸಿ ಹೊಂದಿಸಲು ಹೇಳುತ್ತವೆ. ಆದರೆ ಹೀಗೆ ಒಂದು ಯಂತ್ರಕ್ಕೆ ಕತ್ತರಿಸಿದ ಶಾಫ್ಟನ್ನೇ ಇನ್ನೊಂದಕ್ಕೆ ಹಾಕಿದಾಗ ಅದು ಸಾಲದೆ ಬರುತ್ತದೆ. ಆಗ ಗ್ಯಾರೇಜಿನಲ್ಲಿ ತುಂಡು ಸೇರಿಸಿ ವೆಲ್ಡಿಂಗ್. ಜಾಯಿಂಟ್‌ಗಳ ಕವೆಗಳು ಒಂದೇ ನೇರದಲ್ಲಿ ಕೂರದಿದ್ದರೆ ಶಾಫ್ಟ್ ಅದುರುತ್ತದೆ. ಭಾರ ಹೆಚ್ಚಾದಾಗ ತುಂಡಾಗಲೆಂದೇ ಇಟ್ಟಿರುವ ಶಿಯರ್ ಬೋಲ್ಟ್ ಪದೇಪದೇ ಮುರಿಯುತ್ತದೆಂದು ಗಟ್ಟಿ ಬೋಲ್ಟ್ ಹಾಕುವುದು ಇನ್ನೊಂದು ಎಡವಟ್ಟು. ಬೋಲ್ಟ್ ಉಳಿಯುತ್ತದೆ, ಗೇರ್‌ಬಾಕ್ಸ್ ಹೋಗುತ್ತದೆ.

ಇದೆಲ್ಲ ಹಣದ ನಷ್ಟ. ಜೀವ ಹೋಗುವುದು ಕವರ್ ವಿಷಯದಲ್ಲಿ. ಗ್ರೀಸ್ ಹಚ್ಚಲು ಅಡ್ಡಿ ಎಂದು ತೆಗೆದ ಪ್ಲಾಸ್ಟಿಕ್ ಕವರ್ ಮತ್ತೆ ಕೂರುವುದಿಲ್ಲ. ನಿಮಿಷಕ್ಕೆ 540 ಎಂದರೆ ಸೆಕೆಂಡಿಗೆ 9 ಸುತ್ತು. 7 ಸೆಂ.ಮೀ. ದಪ್ಪದ ಶಾಫ್ಟ್ ಒಂದೇ ಸೆಕೆಂಡಿನಲ್ಲಿ ಸುಮಾರು 2 ಮೀಟರ್ ಬಟ್ಟೆಯನ್ನು ಸುತ್ತಿಕೊಳ್ಳಬಲ್ಲದು. ಸೆರಗು, ಹೆಗಲ ಟವೆಲ್, ಲುಂಗಿ, ಬಿಚ್ಚಿದ ಕೂದಲು, ಯಾವುದೇ ಇರಲಿ, ಸಿಕ್ಕಿತೆಂದು ಗೊತ್ತಾಗಿ ಎಳೆದುಕೊಳ್ಳುವಷ್ಟು ಸಮಯ ಇರುವುದಿಲ್ಲ. ಕಣದಲ್ಲಿ ಈ ಶಾಫ್ಟಿನ ಹತ್ತಿರ ಓಡಾಡುವವರಲ್ಲಿ ಹೆಚ್ಚಿನವರು ಟ್ರ್ಯಾಕ್ಟರ್ ಮಾಲೀಕರಲ್ಲ, ದಿನಗೂಲಿಯ ಹೆಂಗಸರು ಮತ್ತು ಗಂಡಸರು.

ಕಾನೂನಿನ ಕಣ್ಣು ಎಲ್ಲಿದೆ?

ಕಾನೂನು ಇಲ್ಲವೆಂದಲ್ಲ. ಒಕ್ಕಣೆ ಯಂತ್ರಗಳಿಗೆ ಕೈ ಸಿಕ್ಕಿ ಅಂಗ ಕಳೆದುಕೊಳ್ಳುವುದು ಹೆಚ್ಚಾದ ಕಾಲದಲ್ಲಿ, 1983ರಲ್ಲಿ, ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ತಂದಿತು. ತಯಾರಕರಿಗೆ ಪರವಾನಗಿ, ಗಾಯಗೊಂಡವರಿಗೆ ಪರಿಹಾರ ಎರಡೂ ಅದರಲ್ಲಿವೆ. ಆದರೆ ಅದರ ಗಮನ ಮುಖ್ಯವಾಗಿ ಒಕ್ಕಣೆ ಯಂತ್ರದ ಮೇಲೆ. ಊರ ಗ್ಯಾರೇಜಿನಲ್ಲಿ ಬೆಸೆದ ಶಾಫ್ಟನ್ನು ತಯಾರಕರ ಪರವಾನಗಿಯಿಂದ ಹಿಡಿಯಲಾಗದು.

ಇನ್ನು ಸಬ್ಸಿಡಿ. ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ 2014-15ರಿಂದ ಯಂತ್ರ ಖರೀದಿಗೂ ಬಾಡಿಗೆ ಕೇಂದ್ರಗಳಿಗೂ ನೆರವು ಕೊಡುತ್ತಿದೆ. ಕರ್ನಾಟಕದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳಿವೆ. ಟ್ರ್ಯಾಕ್ಟರ್ ಕೊಳ್ಳಲಾಗದ ಸಣ್ಣ ರೈತನಿಗೆ ಬಾಡಿಗೆ ವ್ಯವಸ್ಥೆ ವರವೇ ಸರಿ. ಆದರೆ ಬಾಡಿಗೆಯ ಯಂತ್ರ ಇಂದು ಒಬ್ಬರ ಟ್ರ್ಯಾಕ್ಟರಿಗೆ, ನಾಳೆ ಇನ್ನೊಬ್ಬರದಕ್ಕೆ. ಶಾಫ್ಟಿನ ಅಳತೆ ತಪ್ಪುವ ಸಾಧ್ಯತೆ ಹೆಚ್ಚುವುದೇ ಇಲ್ಲಿ.

ಹಾಗಾಗಿ ಸುಧಾರಣೆಯೂ ಇಲ್ಲಿಂದಲೇ ಶುರುವಾಗಬಹುದು. ಪ್ರತಿ ಯಂತ್ರದ ಜೊತೆ ಅದರದ್ದೇ ಶಾಫ್ಟ್, ಸರಪಳಿ ಸಹಿತ ಕವರ್ ಇದೆಯೇ ಎಂದು ನೋಡಿಯೇ ಬಾಡಿಗೆಗೆ ಬಿಡಬೇಕು. ಸಬ್ಸಿಡಿ ಬಿಡುಗಡೆಗೆ ಮುನ್ನ ನಡೆಸುವ ಪರಿಶೀಲನೆಯಲ್ಲಿ ಇದೂ ಒಂದು ಅಂಶವಾಗಬೇಕು. ಬಿಡಿ ಕವರ್‌ಗಳಿಗೂ ಸಬ್ಸಿಡಿ ಸಿಗಬೇಕು. ಟ್ರ್ಯಾಕ್ಟರಿನ ಬೆಲೆಯ ಮುಂದೆ ಇದು ಸರ್ಕಾರಕ್ಕೆ ಭಾರವಾಗುವ ಖರ್ಚಲ್ಲ.

ದೂರದ ಊರಿನಲ್ಲಿದ್ದು ಮನೆಗೆ ಟ್ರ್ಯಾಕ್ಟರ್ ಕೊಡಿಸುವವರು ಫೋನಿನಲ್ಲಿ ಬೆಲೆ, ಮೈಲೇಜ್ ಕೇಳುವುದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಲಿ: ಶಾಫ್ಟಿನ ಮೇಲೆ ಕವರ್ ಇದೆಯಾ? ಯಂತ್ರ ಬದಲಾಯಿಸುವಾಗ, ಗ್ರೀಸ್ ಹಚ್ಚುವಾಗ ಎಂಜಿನ್ ಆಫ್ ಮಾಡಿ ಕೀ ತೆಗೆದುಕೊಳ್ಳುತ್ತಾರಾ? ತೆರಿಗೆ ಇಳಿಕೆಯಿಂದ ಉಳಿದ ಹಣದಲ್ಲಿ ಮೊದಲ ಪಾಲು ಈ ಕವರ್‌ಗೆ ಹೋಗಲಿ.