ರಜೆಗೆ ಇಬ್ಬರು ನಿರ್ದೇಶಕರು

ರಜೆ ಬಂತೆಂದರೆ ಮನೆಮನೆಯಲ್ಲೂ ಒಂದು ಸಣ್ಣ ಜಗಳ ಹುಟ್ಟಿಕೊಳ್ಳುತ್ತದೆ. ಮಕ್ಕಳಿಗೆ ಸಿನಿಮಾ ಬೇಕು. ತಂದೆ-ತಾಯಿಗೆ ಮಕ್ಕಳ ಕೈಯಲ್ಲಿ ಪುಸ್ತಕ ಇರಬೇಕು. ನಿಜ ಹೇಳಬೇಕೆಂದರೆ ಈಗಿನ ಮಕ್ಕಳು ಸಿನಿಮಾವನ್ನೂ ನೋಡುವುದಿಲ್ಲ. ಮೊಬೈಲಿನಲ್ಲಿ ಅದರ ಚೂರುಗಳನ್ನು ನೋಡುತ್ತಾರೆ. ಅರ್ಧ ನಿಮಿಷದ ಒಂದು ಹಾಡು, ಒಂದು ನಿಮಿಷದ ಹೊಡೆದಾಟ, ಮತ್ತೊಂದು ನಗೆಚಾಟಿಕೆ. ಒಂದು ಗಂಟೆ ಹೀಗೆ ಕಳೆದ ಹುಡುಗನನ್ನು 'ಏನು ನೋಡಿದೆಯಪ್ಪಾ?' ಎಂದು ಕೇಳಿ ನೋಡಿ, ಒಂದನ್ನೂ ಸರಿಯಾಗಿ ಹೇಳಲಾರ. ಎರಡು ಗಂಟೆ ಒಂದೇ ಕಥೆಯ ಜೊತೆಗೆ ಕೂರಲಾರದ ಮನಸ್ಸು ಎರಡು ಗಂಟೆ ಒಂದೇ ಪಾಠದ ಜೊತೆಗೆ ಕೂತೀತೇ? ಆದ್ದರಿಂದ ಸಿನಿಮಾ ಬೇಡ ಎನ್ನುವ ಬದಲು, ಸಿನಿಮಾವನ್ನು ಪೂರ್ತಿ ನೋಡಿ, ಯೋಜನೆ ಹಾಕಿಕೊಂಡು ನೋಡಿ ಎಂದು ಹೇಳುವುದೇ ಮೇಲು ಎಂದು ನನಗೆ ತೋರುತ್ತದೆ.

ಒಂದರ ಮೇಲೊಂದು ಆಟ ನೋಡುವುದು ನಮ್ಮ ಸೀಮೆಗೆ ಹೊಸದೇನಲ್ಲ. ಶ್ರೀಕೃಷ್ಣ ಪಾರಿಜಾತವನ್ನು ರಾತ್ರಿ ಊಟವಾದ ಮೇಲೆ ನೋಡಲು ಕುಳಿತು, ಕೋಳಿ ಕೂಗುವ ಹೊತ್ತಿಗೆ ಎದ್ದ ಹಿರಿಯರ ಮಕ್ಕಳು ನಾವು. ಮುಂದೆ ಎಂಬತ್ತು-ತೊಂಬತ್ತರ ದಶಕದಲ್ಲಿ ಊರೂರಲ್ಲೂ ಬಾಡಿಗೆಗೆ ವಿಸಿಆರ್ ತಂದು, ಓಣಿಯ ಜನರೆಲ್ಲ ಕೂಡಿ ಬೆಳಗಿನವರೆಗೆ ಮೂರು-ನಾಲ್ಕು ಪಿಕ್ಚರ್ ನೋಡುತ್ತಿದ್ದರು. ಆದರೆ ಆಗ ಕ್ಯಾಸೆಟ್ ಆರಿಸುತ್ತಿದ್ದುದು ಹೀರೋನನ್ನು ನೋಡಿ. ನಿರ್ದೇಶಕ ಯಾರೆಂದು ಕೇಳಿದವರು ಕಡಿಮೆ. ನಾನು ಹೇಳುವ ಯೋಜನೆಯಲ್ಲಿ ಇರುವ ವ್ಯತ್ಯಾಸ ಇಷ್ಟೇ: ನಟನನ್ನಲ್ಲ, ನಿರ್ದೇಶಕನನ್ನು ಆರಿಸಿಕೊಳ್ಳಿ.

ಏಕೆ? ಪ್ರಯೋಗಶಾಲೆಯಲ್ಲಿ ಒಂದೇ ಒಂದು ಅಳತೆ ತೆಗೆದುಕೊಂಡು ಫಲಿತಾಂಶ ಬರೆದ ವಿದ್ಯಾರ್ಥಿಗೆ ಯಾವ ಮಾಸ್ತರರೂ ಪೂರ್ಣ ಅಂಕ ಕೊಡುವುದಿಲ್ಲ. ಒಂದು ಅಳತೆಯಿಂದ ನಿಯಮ ಗೊತ್ತಾಗುವುದಿಲ್ಲ. ಸಿನಿಮಾ ಕೂಡ ಹಾಗೆಯೇ. ಒಂದು ಚಿತ್ರ ನೋಡಿದರೆ ಕಥೆ ತಿಳಿಯುತ್ತದೆ. ಒಬ್ಬನೇ ನಿರ್ದೇಶಕನ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಆ ಮನುಷ್ಯ ಜಗತ್ತನ್ನು ನೋಡುವ ರೀತಿ ತಿಳಿಯುತ್ತದೆ.

ಇನ್ನೊಂದು ಮಾತು. ಈ ಕೆಲಸಕ್ಕೆ ಒಬ್ಬ ಗೆಳೆಯ ಬೇಕು. ಅದರಲ್ಲೂ ನಿಮ್ಮ ಅಭಿರುಚಿಯನ್ನು ಒಪ್ಪದ ಗೆಳೆಯನಾದರೆ ಬಹಳ ಒಳ್ಳೆಯದು.

ಹೋದ ದೀಪಾವಳಿ ರಜೆಯಲ್ಲಿ ಸಮೀರವಾಡಿಯಲ್ಲಿ ನಾನು ಮತ್ತು ಕಾರ್ಖಾನೆಯಿಂದ ನಿವೃತ್ತರಾದ ನನ್ನೊಬ್ಬ ಗೆಳೆಯರು ಇಂಥದೊಂದು ಯೋಜನೆ ಹಾಕಿದೆವು. ನಮ್ಮೆರಡೂ ಮನೆಯ ಮಕ್ಕಳಿಗಾಗಿ ಎರಡು ದಿನ, ದಿನಕ್ಕೆ ಎರಡೇ ಚಿತ್ರ. ಒಂದು ದಿನದ ನಿರ್ದೇಶಕ ಅವರ ಆಯ್ಕೆ, ಇನ್ನೊಂದು ದಿನದ್ದು ನನ್ನದು. ಒಬ್ಬರ ಆಯ್ಕೆಯನ್ನು ಇನ್ನೊಬ್ಬರು ಬೇಡವೆನ್ನುವಂತಿಲ್ಲ, ನಡುವೆ ಎದ್ದು ಹೋಗುವಂತಿಲ್ಲ. ಅವರು ಯೋಚಿಸದೆ ಪುಟ್ಟಣ್ಣ ಕಣಗಾಲರ ಹೆಸರು ಹೇಳಿದರು. ನಾನು ಗಿರೀಶ ಕಾಸರವಳ್ಳಿಯವರ ಹೆಸರು ಹೇಳಿದೆ. 'ಮಾಸ್ತರ, ನಿಮ್ಮ ಆರ್ಟ್ ಪಿಕ್ಚರ್ ನೋಡಾಕ ಕುಂತ್ರ ನನಗ ನಿದ್ದಿ ಬರತೈತಿ ನೋಡ್ರಿ' ಎಂದು ಅವರು ಮೊದಲೇ ಎಚ್ಚರಿಕೆ ಕೊಟ್ಟರು. ಕರಾರು ಕರಾರೇ ಎಂದೆ.

ಮೊದಲ ದಿನ ಪುಟ್ಟಣ್ಣನವರದು. ಬೆಳಿಗ್ಗೆ 1967ರ 'ಬೆಳ್ಳಿಮೋಡ', ಮಧ್ಯಾಹ್ನ 1972ರ 'ನಾಗರಹಾವು'. ಪುಟ್ಟಣ್ಣ (1933-1985) ಬಿ.ಆರ್. ಪಂತುಲು ಅವರ ಬಳಿ ಪಳಗಿದವರು. ಅವರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರವೇ 'ಬೆಳ್ಳಿಮೋಡ'. ಕಥೆ ತ್ರಿವೇಣಿಯವರ ಕಾದಂಬರಿಯದು. ಎಸ್ಟೇಟಿನ ಒಬ್ಬಳೇ ಮಗಳು ಇಂದಿರೆ. ಅವಳ ತಂದೆಯ ಹಣದಿಂದ ಅಮೆರಿಕಕ್ಕೆ ಓದಲು ಹೋದ ವರ. ಅಷ್ಟರಲ್ಲಿ ಮನೆಯಲ್ಲಿ ಗಂಡುಮಗು ಹುಟ್ಟಿ, ಆಸ್ತಿ ಕೈತಪ್ಪಿತೆಂದು ತಿಳಿದಾಗ ಬದಲಾಗುವ ಅವನ ಮನಸ್ಸು. ಮುಂದೆ ಅವನೇ ತಿರುಗಿ ಬಂದಾಗ ಇಂದಿರೆ ಒಲ್ಲೆನೆನ್ನುತ್ತಾಳೆ. ಈ ಕಪ್ಪು-ಬಿಳುಪಿನ ಚಿತ್ರ ಬಂದು ಅರ್ಧ ಶತಮಾನ ಮೀರಿದೆ. ಆದರೂ ಆ 'ಒಲ್ಲೆ'ಯ ಬಳಿ ನಮ್ಮ ಹೆಣ್ಣುಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂತರು.

'ನಾಗರಹಾವು' ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಮಾಡಿದ ಚಿತ್ರ. ಚಿತ್ರದುರ್ಗದ ಕೋಟೆ, ಸಿಟ್ಟಿನ ಹುಡುಗ ರಾಮಾಚಾರಿಯಾಗಿ ವಿಷ್ಣುವರ್ಧನ್, ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವತ್ಥ್. ಮೂಲ ಲೇಖಕರಿಗೆ ಈ ಚಿತ್ರ ಒಪ್ಪಿಗೆಯಾಗಲಿಲ್ಲ ಎಂಬುದು ಪ್ರಸಿದ್ಧ ಸಂಗತಿ. ಜನರಿಗಂತೂ ಇಂದಿಗೂ ಒಪ್ಪಿಗೆ. ಚಿತ್ರ ಮುಗಿದ ಮೇಲೆ ನಾನು ಮಕ್ಕಳಿಗೆ ಒಂದೇ ಪ್ರಶ್ನೆ ಹಾಕಿದೆ: 'ಚಾಮಯ್ಯ ಮೇಷ್ಟ್ರು ಮಾಡಿದ್ದು ಸರಿಯೇ?' ಶಿಷ್ಯನನ್ನು ಮಗನಿಗಿಂತ ಹೆಚ್ಚಾಗಿ ಪ್ರೀತಿಸಿದ ಗುರು ಅವರು. ಆದರೆ ಶಿಷ್ಯನ ಬದುಕಿನ ಎರಡು ದೊಡ್ಡ ತೀರ್ಮಾನಗಳಲ್ಲಿ ಅವನ ಮಾತಿಗಿಂತ ತಮ್ಮ ಮಾತೇ ನಡೆಯಬೇಕೆಂದರು. ಮೊದಲ ಸಲ ಅವನು ಬಗ್ಗಿದ. ಎರಡನೆಯ ಸಲ ಅನಾಹುತವಾಯಿತು. ಗುರುವಿನ ಪರ, ಶಿಷ್ಯನ ಪರ ಎಂದು ಮಕ್ಕಳು ಎರಡು ಪಕ್ಷವಾದರು. ಒಂಬತ್ತನೆಯ ತರಗತಿಯ ಹುಡುಗನೊಬ್ಬ, 'ಪ್ರೀತಿ ಇದ್ದರೂ ಕೇಳಿಸಿಕೊಳ್ಳಬೇಕಲ್ರೀ ಸರ' ಎಂದ. ಮೌಲ್ಯಶಿಕ್ಷಣದ ಅವಧಿಯಲ್ಲಿ ಈ ಮಾತು ಅವನ ಬಾಯಿಂದ ಬರುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಕೋಣೆಯಲ್ಲಿದ್ದ ತಂದೆ-ತಾಯಂದಿರೂ ಮಾಸ್ತರನಾದ ನಾನೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ನಡುವಿನ ವಿರಾಮದಲ್ಲಿ ಸ್ವಲ್ಪ ವಿಜ್ಞಾನ. 'ನಾಗರಹಾವು' ಚಿತ್ರದ ಒಂದು ಹಾಡಿನಲ್ಲಿ ನಾಯಕ-ನಾಯಕಿ ಗಾಳಿಯಲ್ಲಿ ತೇಲುವಂತೆ ನಿಧಾನವಾಗಿ ಓಡುತ್ತಾರೆ. ಇದು ಹೇಗೆ? ಸಿನಿಮಾ ಪರದೆಯ ಮೇಲೆ ಸೆಕೆಂಡಿಗೆ 24 ಸ್ಥಿರಚಿತ್ರಗಳು ಹಾದು ಹೋಗುತ್ತವೆ. ಚಿತ್ರೀಕರಿಸುವಾಗ ಕ್ಯಾಮೆರಾವನ್ನು ವೇಗವಾಗಿ ಓಡಿಸಿ ಸೆಕೆಂಡಿಗೆ 48 ಚಿತ್ರ ತೆಗೆದರೆ, ಒಂದು ಸೆಕೆಂಡಿನ ಓಟ ತೆರೆಯ ಮೇಲೆ ಎರಡು ಸೆಕೆಂಡು ಹಿಡಿಯುತ್ತದೆ. ನಿಧಾನದ ದೃಶ್ಯ ಬೇಕೆಂದರೆ ಕ್ಯಾಮೆರಾ ವೇಗವಾಗಿ ಓಡಬೇಕು! ಮೂರು ಗಂಟೆಯ ಚಿತ್ರಕ್ಕೆ ಎಷ್ಟು ಸ್ಥಿರಚಿತ್ರ ಬೇಕೆಂದು ಮಕ್ಕಳು ಲೆಕ್ಕ ಹಾಕಿದರು: 2,59,200. ಮೂವತ್ತೈದು ಮಿಲಿಮೀಟರ್ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. ಮೂರು ಗಂಟೆಗೆ 16,200 ಅಡಿ, ಅಂದರೆ ಸುಮಾರು ಐದು ಕಿಲೋಮೀಟರ್. ಬಿಡಿಬಿಡಿ ಚಿತ್ರಗಳನ್ನು ಕೂಡಿಸಿ ಚಲನೆಯಾಗಿ ಕಾಣಿಸುವುದು ಕಣ್ಣೊಂದರ ಕೆಲಸವಲ್ಲ. ಅದರಲ್ಲಿ ಮಿದುಳಿನದೇ ದೊಡ್ಡ ಪಾಲು. ಹಳೆಯ ನೋಟ್‌ಬುಕ್ಕಿನ ಅಂಚಿನಲ್ಲಿ ಪುಟಕ್ಕೊಂದರಂತೆ ಚೆಂಡಿನ ಚಿತ್ರವನ್ನು ಸ್ವಲ್ಪ ಸ್ವಲ್ಪ ಸರಿಸಿ ಬರೆದು, ಹಾಳೆಗಳನ್ನು ಬೆರಳಿನಿಂದ ಬೇಗ ಬೇಗ ಬಿಡಿ. ಚೆಂಡು ಪುಟಿಯುತ್ತದೆ.

ಎರಡನೆಯ ದಿನ ಕಾಸರವಳ್ಳಿಯವರದು. ತೀರ್ಥಹಳ್ಳಿ ತಾಲೂಕಿನ ಕೆಸಲೂರಿನಲ್ಲಿ 1950ರಲ್ಲಿ ಹುಟ್ಟಿದ ಇವರು ಮಣಿಪಾಲದಲ್ಲಿ ಬಿ.ಫಾರ್ಮ್. ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದವರು. (ವಿಜ್ಞಾನ ಓದಿದವರಿಗೆ ದಾರಿ ಎರಡೇ ಎಂದು ತಿಳಿದ ಪಾಲಕರು ಇದನ್ನು ಗಮನಿಸಬೇಕು.) 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ' ಎಂಬ ಇವರ ನಾಲ್ಕು ಚಿತ್ರಗಳು ರಾಷ್ಟ್ರದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಪಡೆದಿವೆ. 1977ರ 'ಘಟಶ್ರಾದ್ಧ'ವನ್ನು ಹೊಸದಾಗಿ ಸಂಸ್ಕರಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಇಂಥ ಸಂಸ್ಕರಣೆಯ ಭಾಗ್ಯ ಎಲ್ಲ ಚಿತ್ರಗಳಿಗೂ ಇಲ್ಲ. ನಮಗೆ ಹತ್ತಿರದ ಕೊಲ್ಹಾಪುರದಲ್ಲಿ ತಯಾರಾಗಿ 1934ರಲ್ಲಿ ತೆರೆ ಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಪ್ರತಿ ಇಂದು ಉಳಿದಿಲ್ಲ.

ನಾವು ಬೆಳಿಗ್ಗೆ ನೋಡಿದ್ದು ಪೂರ್ಣಚಂದ್ರ ತೇಜಸ್ವಿಯವರ ಕಥೆಯಾಧಾರಿತ 'ತಬರನ ಕಥೆ'. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರ, ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಕೊಳೆಯುತ್ತಿರುವ ಅವನ ಹೆಂಡತಿ. ಚಾರುಹಾಸನ್ ಅವರ ಅಭಿನಯ. ನನ್ನ ಗೆಳೆಯರಿಗೆ ನಿದ್ದೆ ಬರಲಿಲ್ಲ. ತಮ್ಮ ಭವಿಷ್ಯನಿಧಿಯ ಕಾಗದಪತ್ರಗಳ ನೆನಪಾಗಿರಬೇಕು, ನಡುನಡುವೆ 'ಹೌದು, ಹಿಂಗ ಆಗತೈತಿ' ಎನ್ನುತ್ತಿದ್ದರು.

ಮಧ್ಯಾಹ್ನ 2002ರ 'ದ್ವೀಪ'. ಸಾಗರದ ನಾ. ಡಿಸೋಜರ ಕಾದಂಬರಿ. ಲೋಕೋಪಯೋಗಿ ಇಲಾಖೆಯಲ್ಲಿದ್ದು, ಅಣೆಕಟ್ಟೆಯಿಂದ ಊರುಗಳು ಮುಳುಗುವುದನ್ನು ಹತ್ತಿರದಿಂದ ಕಂಡವರು ಅವರು. ಹಿನ್ನೀರು ಏರುತ್ತಿದೆ, ಊರವರೆಲ್ಲ ಪರಿಹಾರ ತೆಗೆದುಕೊಂಡು ಹೊರಟಿದ್ದಾರೆ. ಗುಡ್ಡದ ಮೇಲೆ ಉಳಿದದ್ದು ಒಂದು ಮನೆ, ಅದರಲ್ಲಿ ಗಣಪ, ಅವನ ಹೆಂಡತಿ ನಾಗಿ ಮತ್ತು ಮುದಿ ತಂದೆ. ನಾಗಿಯಾಗಿ ನಟಿಸಿ, ಚಿತ್ರವನ್ನು ನಿರ್ಮಿಸಿದವರೂ ಸೌಂದರ್ಯ ಅವರೇ. ರಾಮಚಂದ್ರ ಅವರ ಕ್ಯಾಮೆರಾ ಆ ಮಳೆಯನ್ನು ಹಿಡಿದ ಬಗೆಯನ್ನು ನೋಡಿಯೇ ತಿಳಿಯಬೇಕು. ನೀರಿನೊಡನೆ ಹೋರಾಡಿ ಮನೆ ಉಳಿಸಿದವಳು ನಾಗಿ. ಗಂಡ ಕೊನೆಗೆ ಕೈ ಮುಗಿಯುವುದು ದೇವರಿಗೆ.

ಚಿತ್ರ ಮುಗಿಯಿತು. ಗೆಳೆಯರು ಏಳಲಿಲ್ಲ. ಅವರು ಹುಟ್ಟಿದ್ದು ಬೀಳಗಿ ತಾಲೂಕಿನ ಒಂದು ಹಳ್ಳಿಯಲ್ಲಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಬಾಗಲಕೋಟೆಯ ಹಳೆಯ ಊರಿನ ಭಾಗಗಳನ್ನೂ ಕೃಷ್ಣೆ-ಘಟಪ್ರಭೆಯರ ದಂಡೆಯ ಅನೇಕ ಹಳ್ಳಿಗಳನ್ನೂ ನುಂಗಿತು. ಅವುಗಳಲ್ಲಿ ಅವರದೂ ಒಂದು. ನಮ್ಮ ಕಡೆ 'ಮುಳುಗಡೆ' ಎಂಬ ಒಂದೇ ಪದದಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಇಷ್ಟು ವರ್ಷ ಜೊತೆಯಲ್ಲಿದ್ದರೂ ಅವರು ಅದಕ್ಕಿಂತ ಹೆಚ್ಚು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅಂದು ತಾವಾಗಿಯೇ ಹೇಳಿದರು: 'ನಮ್ಮ ಮನಿ ಮುಂದ ಒಂದು ಬೇವಿನ ಗಿಡ ಇತ್ತು. ಕಡೀಕ ಅದರ ತುದಿ ಅಷ್ಟ ಕಾಣತಿತ್ತು. ಮುಂದಿನ ಸಲ ಹೋದಾಗ ಅದೂ ಇರಲಿಲ್ಲ.' ಎಂಟನೆಯ ತರಗತಿಯ ಮೊಮ್ಮಗಳು ಕೇಳಿದಳು, 'ಅಜ್ಜಾ, ಹಂಗಾರ ನಮ್ಮ ಊರು ನೀರಾಗ ಐತೇನು?' ಆಮೇಲೆ ಒಂದು ತಾಸು ಅವಳು ಕೇಳುತ್ತಲೇ ಹೋದಳು: ಮನೆಗೆ ಎಷ್ಟು ಅಂಕಣ ಇದ್ದವು, ಶಾಲೆ ಎಲ್ಲಿತ್ತು, ಹನುಮಪ್ಪನ ಗುಡಿಯ ಮೂರ್ತಿಯನ್ನು ಹೊತ್ತು ತಂದವರು ಯಾರು? ನೋಟ್‌ಬುಕ್ಕಿನಲ್ಲಿ ಸಿನಿಮಾದ ಬಗ್ಗೆ ಬರೆಯಬೇಕಾದ ಪುಟದಲ್ಲಿ ಅವಳು ಊರಿನ ನಕ್ಷೆ ಬರೆದಳು, ಅಜ್ಜ ಹೇಳಿದಂತೆ.

ಒಳ್ಳೆಯ ನಿರ್ದೇಶಕ ಮಾಡುವ ಕೆಲಸ ಇದು. ಶರಾವತಿಯ ಕಡೆಯ ಕಥೆ ಹೇಳಿ, ಕೃಷ್ಣೆಯ ದಂಡೆಯವರ ಬಾಯಿ ಬಿಡಿಸುತ್ತಾನೆ. ಅದು ಅರ್ಧ ನಿಮಿಷದ ಚೂರಿನಿಂದ ಆಗುವುದಲ್ಲ.

ಈ ರಜೆಯಲ್ಲಿ ನೀವೂ ಮಾಡುವುದಾದರೆ ಕೆಲವು ಸೂಚನೆಗಳು. ಪಟ್ಟಿಯನ್ನು ಒಂದು ವಾರ ಮೊದಲೇ ಬರೆಯಿರಿ. ಗೆಳೆಯನೊಡನೆ ವಾದ ಮಾಡುತ್ತ ಪಟ್ಟಿ ಮಾಡುವುದರಲ್ಲೇ ಅರ್ಧ ಸಂತೋಷವಿದೆ. ಒಬ್ಬ ನಿರ್ದೇಶಕನ ಚಿತ್ರಗಳನ್ನು ಬಂದ ವರ್ಷದ ಕ್ರಮದಲ್ಲೇ ನೋಡಿ. ಹಿರಿಯರು ಮೊದಲು ನೋಡಿ, ಯಾವ ಚಿತ್ರ ಯಾವ ವಯಸ್ಸಿಗೆ ಎಂದು ತೀರ್ಮಾನಿಸಲಿ. 'ನಾಗರಹಾವು' ಚಿತ್ರದ ಕೊನೆಯಂತಹ ದೃಶ್ಯಗಳ ಬಳಿಕ ಮಕ್ಕಳೊಡನೆ ಮಾತನಾಡುವುದು ಅಗತ್ಯ. ಎಳೆಯ ಮಕ್ಕಳಿದ್ದರೆ ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರಿಸಿದ 'ಮಾಲ್ಗುಡಿ ಡೇಸ್' ಕಂತುಗಳಿವೆ, ಚಾಪ್ಲಿನ್ನನ 'ದಿ ಕಿಡ್' (1921), 'ಮಾಡರ್ನ್ ಟೈಮ್ಸ್' (1936) ಇವೆ. ಸ್ವಲ್ಪ ದೊಡ್ಡವರಿಗೆ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' (1955), 'ಅಪರಾಜಿತೊ' (1956). ದಿನಕ್ಕೆ ಎರಡು ಚಿತ್ರ ಸಾಕು. ಮೂರನೆಯದನ್ನು ಕಣ್ಣು ನೋಡುತ್ತದೆ, ಮನಸ್ಸು ನೋಡುವುದಿಲ್ಲ. ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಕೋಣೆಯನ್ನು ಪೂರ್ತಿ ಕತ್ತಲು ಮಾಡದೆ, ಆಗಾಗ ಕಿಟಕಿಯಾಚೆ ದೂರಕ್ಕೆ ದೃಷ್ಟಿ ಹಾಯಿಸಿ. ಕಬ್ಬು ನುರಿಸುವ ಹಂಗಾಮಿನಲ್ಲಿ ರಾತ್ರಿಪಾಳಿ ಮುಗಿಸಿ ಬಂದು ಹಗಲು ಮಲಗುವವರು ಮನೆಯಲ್ಲಿದ್ದರೆ, ಅವರ ನಿದ್ದೆ ನೋಡಿಕೊಂಡು ಹೊತ್ತು ಗೊತ್ತುಮಾಡಿ. ಮೊಬೈಲುಗಳೆಲ್ಲ ಒಂದು ಬುಟ್ಟಿಯಲ್ಲಿರಲಿ, ಅಪ್ಪನದೂ ಸೇರಿ.

ಪ್ರತಿ ಚಿತ್ರದ ಬಳಿಕ ಅರ್ಧ ಗಂಟೆ ಮಾತಿಗೆ ಬಿಡುವಿಡಿ. ಆ ಅರ್ಧ ಗಂಟೆಯಲ್ಲಿ ಹಿರಿಯರು ಕಡಿಮೆ ಮಾತನಾಡಿ, ಮಕ್ಕಳು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ನನ್ನ ಗೆಳೆಯರು ಮುಂದಿನ ರಜೆಗೂ ಪಟ್ಟಿ ಸಿದ್ಧಮಾಡಿದ್ದಾರೆ. ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ಅದರಲ್ಲಿದೆ. ಬರೆದವರು ಅವರೇ, ನಾನಲ್ಲ.