ಒಟ್ಟು 7 ಬಂದರೆ ಸಾಲದು

ರಾಮನಗರ, ಚನ್ನಪಟ್ಟಣ, ಮಾಗಡಿ ಕಡೆ ನರ್ಸಿಂಗ್ ಓದಿ ಬ್ರಿಟನ್ನಿಗೆ ಹೋಗಬೇಕು ಅನ್ನುವ ಮಕ್ಕಳು ಐಇಎಲ್‌ಟಿಎಸ್ ಪರೀಕ್ಷೆಯ ಲೆಕ್ಕವನ್ನು ಮೊದಲು ತಿಳಿಯಬೇಕು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ಪ್ರತಿಯೊಂದಕ್ಕೂ 9ರವರೆಗೆ ಬ್ಯಾಂಡ್. ಮೂರರಲ್ಲಿ 7, ಬರವಣಿಗೆಯಲ್ಲಿ 6 ಬಂತು ಅನ್ನಿ. ಸರಾಸರಿ 6.75, ಸರ್ಟಿಫಿಕೇಟಿನಲ್ಲಿ ಒಟ್ಟು 7 ಅಂತಲೇ ಬರುತ್ತದೆ. ಕೋಚಿಂಗ್‌ನವರ ಬ್ಯಾನರಿಗೆ ಅಷ್ಟು ಸಾಕು! ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ಗೆ ಸಾಲದು. ಬರವಣಿಗೆಯಲ್ಲಿ 6.5, ಉಳಿದ ಮೂರರಲ್ಲೂ 7 ಇರಲೇಬೇಕು. ಅರ್ಧ ಬ್ಯಾಂಡಿಗೋಸ್ಕರ ಮತ್ತೆ ಸಾವಿರಾರು ರೂಪಾಯಿ ಫೀಸು. ನಮ್ಮವರು ಹೆದರುವುದು ಮಾತಿಗೆ. ಆದರೆ ಇಂಗ್ಲಿಷಿನಲ್ಲಿ ಕನ್ನಡದ ಧಾಟಿ ಇದೆಯೆಂದೇ ಅಂಕ ಕಳೆಯುವುದಿಲ್ಲ, ಹೇಳಿದ್ದು ಸಲೀಸಾಗಿ ಅರ್ಥವಾಗಬೇಕು ಅಷ್ಟೆ. ಕೋಚಿಂಗಿಗೆ ದುಡ್ಡು ಕಟ್ಟುವ ಮುಂಚೆ ಒಂದೇ ಮಾತು ಕೇಳಿ: ನಾನು ಬರೆದದ್ದನ್ನು ವಾರವಾರ ಯಾರು ತಿದ್ದಿಕೊಡ್ತಾರೆ?