ದುಡಿಮೆ ಮುಗಿದ ಮೇಲಿನ ದಾರಿ

ಪಿಂಚಣಿಯ ಕಾಗದ ಕೈಗೆ ಬಂದ ಮರುದಿನ ಬೆಳಗ್ಗೆ ಮನುಷ್ಯನಿಗೆ ವಿಚಿತ್ರವಾದ ಕಷ್ಟವೊಂದು ಎದುರಾಗುತ್ತದೆ. ಮೂವತ್ತು ಮೂವತ್ತೈದು ವರ್ಷ ಅವಸರದಿಂದ ಕಾಫಿ ಕುಡಿದು ಕಚೇರಿಗೆ ಓಡಿದವನು ಅಂದು ಎಲ್ಲಿಗೂ ಹೊರಡಬೇಕಾಗಿಲ್ಲ. ಆದರೂ ಕಣ್ಣು ಗಡಿಯಾರದ ಕಡೆಗೇ ತಿರುಗುತ್ತದೆ. ಮನೆಯಲ್ಲಿ ಕುರ್ಚಿಯುಂಟು, ವೃತ್ತಪತ್ರಿಕೆಯುಂಟು, ಹೊತ್ತಿಗೆ ಸರಿಯಾಗಿ ಊಟವುಂಟು. ಅವನಿಂದಲೇ ಆಗಬೇಕಾದ ಕೆಲಸ ಮಾತ್ರ ಯಾವುದೂ ಇಲ್ಲ. ಮಕ್ಕಳು ದೂರದ ಊರುಗಳಲ್ಲಿ ನೆಲೆಸಿದ್ದರಂತೂ ಮೂರು ಕೋಣೆಯ ಮನೆ ಛತ್ರದಷ್ಟು ವಿಶಾಲವಾಗಿ ಕಾಣತೊಡಗುತ್ತದೆ.

ಈ ಕಷ್ಟ ಹೊಸದಲ್ಲ. ತಲೆ ನರೆತು, ಚರ್ಮ ಸುಕ್ಕುಗಟ್ಟಿ, ಮಗನಿಗೆ ಮಗ ಹುಟ್ಟಿದುದನ್ನು ಕಂಡ ಗೃಹಸ್ಥನು ಅರಣ್ಯಕ್ಕೆ ಹೊರಡಬೇಕೆಂದು ಮನುಸ್ಮೃತಿ ವಿಧಿಸಿತು. ಮೊಮ್ಮಗನ ಮುಖ ನೋಡಿದ ಕೂಡಲೇ ಹೊರಡುವುದೆಂದರೆ ಸುಲಭದ ಮಾತಲ್ಲ. ಬಹುಮಂದಿ ಹೊರಡಲಿಲ್ಲವೆಂಬುದೂ ನಿಜವೇ. ಅಮೆರಿಕದ ಹಲವು ಕ್ರೈಸ್ತ ಕುಟುಂಬಗಳ ಹಿರಿಯರು ಇದೇ ಸಮಸ್ಯೆಗೆ ತಮ್ಮದೇ ಆದ ಉತ್ತರವೊಂದನ್ನು ಕಂಡುಕೊಂಡಿದ್ದಾರೆ. ಅವರೂ ಮನೆ ಬಿಟ್ಟು ಹೊರಡುತ್ತಾರೆ; ಆದರೆ ಮೊಮ್ಮಕ್ಕಳ ಮುಖವನ್ನು ಮರೆಯುವುದಕ್ಕಲ್ಲ, ನೋಡುವುದಕ್ಕೆ. ನಡುವೆ ಅಪರಿಚಿತರ ಊರೊಂದರಲ್ಲಿ ಇಳಿದು, ಯಾರದೋ ಮನೆಯ ಮಾಡು ಸರಿಪಡಿಸಿ, ಯಾವುದೋ ಅನಾಥಾಲಯದ ಗೋಡೆಗೆ ಬಣ್ಣ ಬಳಿದು ಮುಂದೆ ಸಾಗುತ್ತಾರೆ.

ಇಂಥ ಪ್ರಯಾಣ ಸಾಧ್ಯವಾಗಬೇಕಾದರೆ ಕೆಲವು ಅನುಕೂಲಗಳು ಮೊದಲೇ ಕೂಡಿಬರಬೇಕಾಗಿತ್ತು. 1935 ರ ಸಾಮಾಜಿಕ ಭದ್ರತೆಯ ಕಾಯಿದೆಯಿಂದ ಅಲ್ಲಿಯ ದುಡಿಮೆಗಾರನಿಗೆ ವೃದ್ಧಾಪ್ಯದಲ್ಲಿ ತಿಂಗಳ ವೇತನದ ಆಧಾರ ದೊರೆಯಿತು. 1956 ರಲ್ಲಿ ಆದ ಕಾಯಿದೆಯಿಂದ ರಾಜ್ಯರಾಜ್ಯಗಳನ್ನು ಜೋಡಿಸುವ ಹೆದ್ದಾರಿಗಳ ಜಾಲ ಆರಂಭವಾಯಿತು. 1965 ರಲ್ಲಿ ಬಂದ ಮೆಡಿಕೇರ್ ಯೋಜನೆ 65 ವರ್ಷ ದಾಟಿದವರ ಆಸ್ಪತ್ರೆಯ ಭಯವನ್ನು ಬಹುಮಟ್ಟಿಗೆ ಇಳಿಸಿತು. ಇವುಗಳ ಜೊತೆಗೆ ಮನೆಯೂ ಆಗಿ ಬಂಡಿಯೂ ಆಗಿರುವ ದೊಡ್ಡ ಮೋಟಾರು ವಾಹನವೊಂದು ಮಾರುಕಟ್ಟೆಗೆ ಬಂದಿತು. ಹಾಸಿಗೆ, ಒಲೆ, ತಂಗಳುಪೆಟ್ಟಿಗೆ, ಸ್ನಾನದ ಮನೆ ಎಲ್ಲವೂ ಅದರೊಳಗೇ ಇರುತ್ತವೆ. ಗಂಡ ಚಕ್ರ ಹಿಡಿದರೆ ಹೆಂಡತಿ ನಕ್ಷೆ ಹಿಡಿಯುತ್ತಾಳೆ. ಗಂಡನ ಕಣ್ಣು ಮಂದವಾದಾಗ ಅವಳೇ ಚಕ್ರ ಹಿಡಿಯುವುದೂ ಉಂಟು.

ಮೆಥಡಿಸ್ಟ್ ಪಂಥದ ಇಂಥ ಹಿರಿಯರು 1988 ರಲ್ಲಿ ಒಂದು ಸಂಘವನ್ನೇ ಕಟ್ಟಿಕೊಂಡರು. ಅದರ ಹೆಸರು ‘ನೋಮ್ಯಾಡ್ಸ್’, ಎಂದರೆ ಅಲೆಮಾರಿಗಳು. ಒಂದೊಂದು ಸ್ಥಳದ ಕೆಲಸ ಸಾಮಾನ್ಯವಾಗಿ ಮೂರು ವಾರದ್ದು. ವಾರಕ್ಕೆ ನಾಲ್ಕು ದಿನ ದುಡಿಮೆ, ಉಳಿದ ದಿನ ವಿಶ್ರಾಂತಿ. ಕರೆಸಿಕೊಂಡ ಸಂಸ್ಥೆ ವಾಹನಗಳನ್ನು ನಿಲ್ಲಿಸಲು ಸ್ಥಳ ಒದಗಿಸುತ್ತದೆ. ಬಂದವರು ಕೂಲಿಯಿಲ್ಲದೆ ಕೈಕೆಲಸ ಕೊಡುತ್ತಾರೆ. ಮರಗೆಲಸ, ವಿದ್ಯುತ್ತಂತಿಯ ಕೆಲಸ, ನೆಲ ಹಾಸುವುದು, ಬಣ್ಣ ಬಳಿಯುವುದು, ಹೊಲಿಗೆ ಹೀಗೆ ಯಾರಿಗೆ ಯಾವುದು ಒಗ್ಗುವುದೋ ಅದು. ಮೊಣಕಾಲು ನೋವಿನಿಂದ ಏಣಿ ಹತ್ತಲಾರದವರಿಗೂ ಕೆಲಸವುಂಟು. ಮೆಥಡಿಸ್ಟರು ವಿಪತ್ತಿಗೆ ಸಿಕ್ಕಿದವರಿಗಾಗಿ ಕಟ್ಟುವ ಶೌಚ ಸಾಮಗ್ರಿಯ ಪೊಟ್ಟಣದಲ್ಲಿ ಒಂದು ಟವೆಲು, ಮುಖ ಒರೆಸುವ ಬಟ್ಟೆ, ಬಾಚಣಿಗೆ, ಉಗುರು ಕತ್ತರಿಸುವ ಸಾಧನ, ಸಾಬೂನು, ಹಲ್ಲುಜ್ಜುವ ಬ್ರಷ್ಷು, ಗಾಯಕ್ಕೆ ಹಚ್ಚುವ ಪಟ್ಟಿ ಇವಿಷ್ಟು ಇರುತ್ತವೆ. ಮೇಜಿನ ಮುಂದೆ ಕುಳಿತು ಇವನ್ನು ಎಣಿಸಿ ತುಂಬುವುದು ಎಪ್ಪತ್ತೆಂಟು ವರ್ಷದ ಅಜ್ಜಿಗೂ ಆಗುವ ಕೆಲಸ. ಮನೆಮಾರು ಕಳೆದುಕೊಂಡವನಿಗೆ ಮೊದಲ ದಿನ ಒಂದು ಬಾಚಣಿಗೆಯೂ ಇರುವುದಿಲ್ಲವೆಂಬುದನ್ನು ಯಾರೋ ಯೋಚಿಸಿದ್ದಾರೆ.

ಮಿನೆಸೋಟಾ ರಾಜ್ಯದ ಒಂದು ದಂಪತಿಯನ್ನು ಕಲ್ಪಿಸಿಕೊಳ್ಳಬಹುದು. ಕ್ರಿಸ್‌ಮಸ್ ಮುಗಿದಿದೆ, ಮನೆಯ ಮುಂದೆ ಮೊಣಕಾಲಷ್ಟು ಹಿಮ. ಮಗಳಿರುವುದು ದಕ್ಷಿಣದ ಲೂಯಿಸಿಯಾನಾದಲ್ಲಿ. ಮಿನಿಯಾಪೊಲಿಸ್ ನಗರದಿಂದ ನ್ಯೂ ಆರ್ಲಿಯನ್ಸಿಗೆ ರಸ್ತೆಯಲ್ಲಿ ಸುಮಾರು 2,000 ಕಿಲೋಮೀಟರು. ದಾರಿಯಲ್ಲಿ ಮಗನ ಮನೆಯಲ್ಲಿ ಐದು ದಿನ, ಮಗಳ ಊರಿನ ಸಮೀಪದ ಚರ್ಚಿನ ಕೆಲಸದಲ್ಲಿ ಮೂರು ವಾರ, ಮಗಳ ಮನೆಯಲ್ಲಿ ಹತ್ತು ದಿನ. ಹಿಮ ಕರಗುವ ಹೊತ್ತಿಗೆ ಮರಳಿ ಊರು. ಕಾಗದದ ಮೇಲೆ ಲೆಕ್ಕ ಚೆನ್ನಾಗಿಯೇ ಇದೆ. ಆದರೆ ಮಗಳು ಫೋನಿನಲ್ಲಿ ಕೇಳುತ್ತಾಳೆ: “ಅಮ್ಮ, ಗುರುತಿಲ್ಲದವರ ಅಡಿಗೆಮನೆಗೆ ಬಣ್ಣ ಬಳಿಯಲು ಮೂರು ವಾರ, ನಿನ್ನ ಮೊಮ್ಮಗನಿಗೆ ಹತ್ತೇ ದಿನವೆ?”

ಈ ಪ್ರಶ್ನೆಗೆ ಸುಲಭವಾದ ಉತ್ತರವಿಲ್ಲ. ಮಗಳು ಕೆಲಸಕ್ಕೆ ಹೋಗುವವಳು. ಕೂಸನ್ನು ನೋಡಿಕೊಳ್ಳುವ ಕೇಂದ್ರಕ್ಕೆ ತೆರುವ ಹಣ ಅವಳ ಸಂಬಳದ ದೊಡ್ಡ ಪಾಲನ್ನು ನುಂಗುತ್ತದೆ. ತಾಯಿ ಬಂದು ಆರು ತಿಂಗಳಿದ್ದರೆ ಅವಳ ಹೊರೆ ಎಷ್ಟೋ ಇಳಿಯುತ್ತದೆ. ತಾಯಿಗೂ ಇದು ತಿಳಿಯದ ವಿಷಯವಲ್ಲ. ಆದರೆ ಅವಳಿಗೆ ಇನ್ನೊಂದು ಸಂಗತಿಯೂ ತಿಳಿದಿದೆ: ಎರಡನೆಯ ವಾರ ಕಳೆಯುತ್ತಲೇ ಅಡಿಗೆಮನೆಯಲ್ಲಿ ಪಾತ್ರೆ ಇಡುವ ಸ್ಥಳದ ವಿಚಾರವಾಗಿ ಮಾತು ಬೆಳೆಯುತ್ತದೆ, ಅಳಿಯ ಊಟದ ಮೇಜಿನಲ್ಲಿ ಮೌನವಾಗುತ್ತಾನೆ. ಮೂರು ವಾರ ಹೊರಗೆ ದುಡಿದು ಬಂದವಳು ಮಗಳ ಮನೆಗೆ ಅತಿಥಿಯಾಗಿ ಬರುತ್ತಾಳೆ; ಹೇಳಲು ಅವಳ ಬಳಿ ನಾಲ್ಕು ಹೊಸ ಮಾತಿರುತ್ತವೆ. ಆದರೂ ಪರೋಪಕಾರವು ಮನೆಯ ಕರ್ತವ್ಯದಿಂದ ತಪ್ಪಿಸಿಕೊಳ್ಳುವ ಗೌರವಯುತವಾದ ದಾರಿಯಾಗಬಾರದು. ಎಷ್ಟು ದಿನ ಎಲ್ಲಿ ಎಂಬುದನ್ನು ಮಗಳೊಡನೆ ಕುಳಿತು ನಿರ್ಧರಿಸಿದವರು ಜಾಣರು; ಎಲ್ಲವನ್ನೂ ಗೊತ್ತುಮಾಡಿಕೊಂಡು ಅನಂತರ ತಿಳಿಸಿದವರ ಸೇವೆ ಎಷ್ಟು ದೊಡ್ಡದಾದರೂ ಮಗಳ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದುಬಿಡುತ್ತದೆ.

ಹಿರಿಯರ ಈ ದುಡಿಮೆ ಬರಿಯ ಹೊತ್ತು ಕಳೆಯುವ ಉಪಾಯವಲ್ಲವೆಂಬುದು 2005 ರಲ್ಲಿ ಸ್ಪಷ್ಟವಾಯಿತು. ಆ ವರ್ಷ ಆಗಸ್ಟ್ 29 ರಂದು ಕತ್ರೀನಾ ಚಂಡಮಾರುತ ಅಪ್ಪಳಿಸಿ, ನೆರೆಗಟ್ಟೆಗಳು ಒಡೆದು ನ್ಯೂ ಆರ್ಲಿಯನ್ಸ್ ನಗರದ ನೂರಕ್ಕೆ ಎಂಬತ್ತರಷ್ಟು ಭಾಗ ನೀರಿನಲ್ಲಿ ಮುಳುಗಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯ ಮನೆಗಳು ಕಲ್ಲುಗಾರೆಯವಲ್ಲ. ಮರದ ಚೌಕಟ್ಟಿಗೆ ಜಿಪ್ಸಂ ಹಲಗೆಗಳನ್ನು ಬಡಿದು ಗೋಡೆ ಮಾಡಿದವು. ವಾರಗಟ್ಟಲೆ ನೀರಿನಲ್ಲಿ ನಿಂತ ಹಲಗೆಗಳಿಗೆ ಬೂಷ್ಟು ಹಿಡಿದು ಒಳಗೆ ಉಸಿರಾಡುವಂತಿರಲಿಲ್ಲ. ಒಳಗಿನದನ್ನೆಲ್ಲ ಕಿತ್ತು ಬೀದಿಗೆ ಹಾಕಿ, ಮರದ ಅಸ್ಥಿಪಂಜರವನ್ನು ಮಾತ್ರ ಉಳಿಸಿ ಒಣಗಿಸದೆ ಮತ್ತೆ ಮನೆ ಕಟ್ಟಲಾಗದು. ಕೊಳೆತ ಆಹಾರ ತುಂಬಿದ ತಂಗಳುಪೆಟ್ಟಿಗೆಗಳನ್ನು ತೆರೆಯದೆ, ಅಂಟುಪಟ್ಟಿ ಸುತ್ತಿ ಹೊರಗೆಳೆಯಬೇಕಾಗಿತ್ತು. ದೇಶದ ಮೂಲೆಮೂಲೆಯ ಚರ್ಚುಗಳಿಂದ ಜನ ತಂಡತಂಡವಾಗಿ ಬಂದು, ಮೂಗುಬಾಯಿಗೆ ಮುಖವಾಡ ಕಟ್ಟಿಕೊಂಡು ಈ ಕೆಲಸ ಮಾಡಿದರು. 1950 ರಿಂದಲೇ ಇಂಥ ವಿಪತ್ತುಗಳಲ್ಲಿ ನೆರವಿಗೆ ನಿಲ್ಲುವ ಮೆನೊನೈಟ್ ಪಂಥದವರ ದಳವೂ ಅಲ್ಲಿತ್ತು. ಯುವಕರು ರಜೆ ಮುಗಿದೊಡನೆ ಕಾಲೇಜಿಗೆ ಮರಳಬೇಕು; ನಡುವಯಸ್ಸಿನವರು ಕಚೇರಿಗೆ ಮರಳಬೇಕು. ವರ್ಷಗಟ್ಟಲೆ ನಡೆಯಬೇಕಾದ ಪುನರ್ನಿರ್ಮಾಣಕ್ಕೆ ಮತ್ತೆ ಮತ್ತೆ ಬರುವಷ್ಟು ಬಿಡುವು ಇದ್ದುದು ನಿವೃತ್ತರಿಗೆ. ಮನೆಯೊಡೆಯರಲ್ಲಿ ಅನೇಕರು ಅವರ ವಯಸ್ಸಿನವರೇ. ಬದುಕಿನ ಗಳಿಕೆಯೆಲ್ಲ ಬೀದಿಬದಿಯ ಕಸದ ರಾಶಿಯಾಗಿ ಬಿದ್ದಿರುವಾಗ, ಕೆಸರಿನಿಂದ ಎತ್ತಿದ ಮದುವೆಯ ಭಾವಚಿತ್ರವನ್ನು ಒರೆಸಿ ಕೈಗಿತ್ತು, ಪಕ್ಕದಲ್ಲಿ ಕುಳಿತು ಮಾತು ಕೇಳುವುದಕ್ಕೆ ನರೆಗೂದಲಿನವರೇ ಹೆಚ್ಚು ತಕ್ಕವರು.

ಈ ಬಗೆಯ ವೃದ್ಧಾಪ್ಯಕ್ಕೆ ಹೆಸರಾದ ಮನೆತನವೊಂದುಂಟು. ಭಾರತಕ್ಕೂ ಅದರ ನಂಟಿದೆ. ಜಾರ್ಜಿಯಾದ ಪ್ಲೇನ್ಸ್ ಎಂಬ ಸಣ್ಣ ಊರಿನ ಲಿಲಿಯನ್ ಕಾರ್ಟರ್ ದಾದಿಯಾಗಿ ದುಡಿದವರು. 1953 ರಲ್ಲಿ ಗಂಡ ತೀರಿಕೊಂಡರು. 1966 ರಲ್ಲಿ, 68ನೆಯ ವಯಸ್ಸಿನಲ್ಲಿ, ಆಕೆ ಸರ್ಕಾರದ ಶಾಂತಿದಳವನ್ನು ಸೇರಿ ಮುಂಬಯಿಯ ವಿಖ್ರೋಲಿಗೆ ಬಂದರು. ಅದು ಚರ್ಚಿನ ಸಂಸ್ಥೆಯಲ್ಲ. ಆದರೆ ಹೊರಟ ಮನಸ್ಸು ಅದೇ ಬಗೆಯದು. ಕುಟುಂಬ ಯೋಜನೆಯ ಕೆಲಸದಲ್ಲಿಯೂ ಕಾರ್ಖಾನೆಯ ಕಾರ್ಮಿಕರ ದವಾಖಾನೆಯಲ್ಲಿಯೂ ದುಡಿದು 1968 ರಲ್ಲಿ ಊರಿಗೆ ಮರಳಿದರು. ಅಲ್ಲಿಂದ ಮನೆಯವರಿಗೆ ಬರೆದ ಪತ್ರಗಳು 1977 ರಲ್ಲಿ ಪುಸ್ತಕವಾಗಿ ಬಂದವು. ಅದೇ ವರ್ಷ ಆಕೆಯ ಮಗ ಜಿಮ್ಮಿ ಕಾರ್ಟರ್ ಅಮೆರಿಕದ ಅಧ್ಯಕ್ಷರಾದರು. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದರ ಅಂತ್ಯಕ್ರಿಯೆಗೆ ಅಮೆರಿಕದ ನಿಯೋಗದ ನಾಯಕಿಯಾಗಿ ತಾಯಿಯೇ ಭಾರತಕ್ಕೆ ಬಂದರು.

ಮಗನ ಕಥೆಯೂ ತಾಯಿಯ ದಾರಿಯಲ್ಲಿಯೇ ಸಾಗಿತು. 1980 ರ ಚುನಾವಣೆಯಲ್ಲಿ ಸೋತು, ಮರುವರ್ಷ 56ನೆಯ ವಯಸ್ಸಿನಲ್ಲಿ ಊರಿಗೆ ಹಿಂದಿರುಗಿದ ಕಾರ್ಟರರ ಮುಂದೆ ದೀರ್ಘವಾದ ನಿವೃತ್ತ ಜೀವನವಿತ್ತು. ಊರಿನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಭಾನುವಾರದ ಪಾಠ ಹೇಳುತ್ತಿದ್ದರು. ನೆರೆಯ ಅಮೆರಿಕಸ್ ಊರಿನಲ್ಲಿ 1976 ರಲ್ಲಿ ಫುಲ್ಲರ್ ದಂಪತಿಗಳು ಕ್ರೈಸ್ತ ಶ್ರದ್ಧೆಯಿಂದ ಸ್ಥಾಪಿಸಿದ ‘ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ’ ಎಂಬ ಸಂಸ್ಥೆಯಿತ್ತು. ಅದು ಬಡವರಿಗೆ ಮನೆಯನ್ನು ದಾನ ಕೊಡುವುದಿಲ್ಲ. ಮನೆ ಪಡೆಯುವವರು ತಾವೂ ಕೈ ಹಚ್ಚಿ ದುಡಿದು, ಸಾಲವನ್ನು ಕಂತುಗಳಲ್ಲಿ ತೀರಿಸಬೇಕು. 1984 ರಲ್ಲಿ ಕಾರ್ಟರ್ ದಂಪತಿಗಳು ತಂಡದೊಡನೆ ಬಸ್ಸಿನಲ್ಲಿ ನ್ಯೂಯಾರ್ಕಿಗೆ ಹೋಗಿ, ಪಾಳುಬಿದ್ದ ಕಟ್ಟಡವೊಂದನ್ನು 19 ಸಂಸಾರಗಳಿಗೆ ವಾಸಯೋಗ್ಯವಾಗಿಸುವ ಕೆಲಸಕ್ಕೆ ನಿಂತರು; ರಾತ್ರಿ ಮಲಗಿದ್ದು ಚರ್ಚೊಂದರಲ್ಲಿ. 2006 ರಲ್ಲಿ ಲೋನಾವಳದ ಬಳಿ ನೂರು ಮನೆಗಳನ್ನು ಕಟ್ಟುವ ಕಾರ್ಯಕ್ಕೆ ಬಂದಾಗ ಅವರಿಗೆ 82, ಪತ್ನಿ ರೋಸಲಿನ್‌ಗೆ 79. 2019 ರ ಅಕ್ಟೋಬರಿನಲ್ಲಿ, 95 ತುಂಬಿದ ಕೆಲವೇ ದಿನಗಳಲ್ಲಿ, ಮನೆಯಲ್ಲಿ ಬಿದ್ದು ಹುಬ್ಬಿನ ಮೇಲೆ 14 ಹೊಲಿಗೆ ಬಿದ್ದವು. ಮರುದಿನ ಕಪ್ಪುಗಟ್ಟಿದ ಕಣ್ಣಿನಲ್ಲಿಯೇ ನ್ಯಾಶ್‌ವಿಲ್ ನಗರದ ಕೆಲಸಕ್ಕೆ ಹಾಜರಾದರು. ರೋಸಲಿನ್ 2023 ರಲ್ಲಿಯೂ, ಜಿಮ್ಮಿ 2024 ರಲ್ಲಿಯೂ ತೀರಿಕೊಂಡರು.

ಹೊಗಳಿಕೆಯ ಜೊತೆಗೆ ಒಂದು ಆಕ್ಷೇಪಣೆಯನ್ನೂ ಕೇಳಬೇಕು. ಚರ್ಚಿನ ತಂಡಗಳು ಸಮುದ್ರ ದಾಟಿ ಬಡ ದೇಶಗಳಿಗೆ ಹೋಗಿ ಒಂದು ವಾರ ಇಟ್ಟಿಗೆ ಹೊತ್ತು ಬರುವುದುಂಟು. ಆ ವಿಮಾನದ ಖರ್ಚಿನಲ್ಲಿ ಅಲ್ಲಿಯ ಗಾರೆಕೆಲಸದವರಿಗೆ ತಿಂಗಳುಗಟ್ಟಲೆ ಕೂಲಿ ಕೊಡಬಹುದಾಗಿತ್ತು. ಇಟ್ಟಿಗೆಯೂ ನೆಟ್ಟಗೆ ಕೂರುತ್ತಿತ್ತು. ಸೇವೆಯ ಹೆಸರಿನಲ್ಲಿ ಊರು ನೋಡಿ, ಭಾವಚಿತ್ರ ತೆಗೆಸಿಕೊಂಡು ಮರಳಿದರೆ ಲಾಭವಾದದ್ದು ಯಾರಿಗೆ? ಈ ಮಾತಿನಲ್ಲಿ ಸತ್ಯವಿದೆ. ನಲವತ್ತು ವರ್ಷ ವಿದ್ಯುತ್ತಂತಿ ಎಳೆದ ಮುದುಕ ತನ್ನ ದೇಶದ ನೆರೆಪೀಡಿತನ ಮನೆಗೆ ತಂತಿ ಎಳೆದರೆ ಅದು ನೆರವು. ತನಗೆ ಬಾರದ ಕೆಲಸಕ್ಕೆ, ತಾನು ಅರಿಯದ ಭಾಷೆಯ ಊರಿಗೆ ಒಂದು ವಾರದ ಮಟ್ಟಿಗೆ ಹೋಗುವವನು ಹೊರಡುವ ಮುನ್ನ ಎರಡು ಬಾರಿ ಯೋಚಿಸುವುದು ಒಳ್ಳೆಯದು.

ಇನ್ನೊಂದು ಯೋಚನೆ ಪ್ರತಿಯೊಂದು ದಂಪತಿಯ ಎದೆಯಲ್ಲಿಯೂ ಇರುತ್ತದೆ, ಬಾಯಿಗೆ ಬರುವುದಿಲ್ಲ. ಒಂದು ಚಳಿಗಾಲದಲ್ಲಿ ಇಬ್ಬರ ಬದಲು ಒಬ್ಬರೇ ಉಳಿಯುತ್ತಾರೆ. ಆಗ ಆ ದೊಡ್ಡ ಬಂಡಿಯನ್ನು ಮಾರಬೇಕೇ, ಒಬ್ಬರೇ ನಡೆಸಬೇಕೇ? ಜೊತೆಗೆ ದುಡಿದವರ ಬಳಗ ಇಂಥ ಸಮಯದಲ್ಲಿ ದೊಡ್ಡ ಆಸರೆ. ಅದೇ ಬಳಗದ ವಾಹನಗಳ ಸಾಲಿನಲ್ಲಿ ತನ್ನದನ್ನೂ ನಿಲ್ಲಿಸಿ, ಬೆಳಗಿನ ಪ್ರಾರ್ಥನೆಗೆ ತಾನೊಬ್ಬಳೇ ಬರುವ ವಿಧವೆಯನ್ನು ಅಲ್ಲಿ ಯಾರೂ ಸಾಂತ್ವನದ ಮಾತಿನಿಂದ ಬಳಲಿಸುವುದಿಲ್ಲ. ಕೈಗೊಂದು ಕುಂಚ ಕೊಟ್ಟು ಯಾವ ಗೋಡೆಯೆಂದು ತೋರಿಸುತ್ತಾರೆ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಕನ್ನಡದ ತಂದೆತಾಯಿಗಳಿಗೆ ಈ ದೃಶ್ಯ ಅಷ್ಟೇನೂ ದೂರದ್ದಲ್ಲ. ಮಗಳ ಬಾಣಂತನಕ್ಕೆಂದು ಮೆಣಸಿನಪುಡಿ, ಲೇಹ್ಯ ಕಟ್ಟಿಕೊಂಡು ಹೋದ ತಾಯಿಯದೂ ಕೂಲಿಯಿಲ್ಲದ ದುಡಿಮೆಯೇ. ಆದರೆ ಬಾಣಂತನ ಮುಗಿದು, ಮಗಳು ಮತ್ತೆ ಕೆಲಸಕ್ಕೆ ಹೋಗತೊಡಗಿದ ಮೇಲೆ, ಕಾರು ನಡೆಸಲು ಬಾರದ ತಂದೆ ಕಿಟಕಿಯ ಬಳಿ ಕುಳಿತು ಜನವಿಲ್ಲದ ಬೀದಿಯನ್ನು ನೋಡುತ್ತಾರೆ. ಮರಳುವ ದಿನಾಂಕಕ್ಕೆ ಇನ್ನೆಷ್ಟು ವಾರವೆಂದು ಎಣಿಸುತ್ತಾರೆ. ಅಂಥವರಲ್ಲಿ ಕೆಲವರು ಶನಿವಾರ ದೇವಸ್ಥಾನದ ಅಡಿಗೆಮನೆಗೆ ಹೋಗಿ ಪ್ರಸಾದಕ್ಕೆ ತರಕಾರಿ ಹೆಚ್ಚುತ್ತಾರೆ. ಕೆಲವರು ಮಕ್ಕಳಿಗೆ ಕನ್ನಡದ ಅಕ್ಷರ ತಿದ್ದಿಸುತ್ತಾರೆ. ಆ ಸಂಜೆ ಮನೆಗೆ ಬಂದವರ ಮುಖದ ಕಳೆಯೇ ಬೇರೆ. ಮಗ “ಸುಸ್ತಾಯಿತೇನಪ್ಪ?” ಎಂದು ಕೇಳಿದರೆ, “ಇಲ್ಲ ಕಣೋ, ಮುಂದಿನ ವಾರವೂ ಬನ್ನಿ ಅಂದಿದ್ದಾರೆ” ಎನ್ನುತ್ತಾರೆ.

ಮುಂದಿನ ವಾರವೂ ಬನ್ನಿ ಎಂದು ಒಬ್ಬರು ಹೇಳಬೇಕು. ಎಪ್ಪತ್ತರ ಮನುಷ್ಯ 2,000 ಕಿಲೋಮೀಟರು ಬಂಡಿ ನಡೆಸುವುದಕ್ಕೂ, ಬೆಂಗಳೂರಿನಿಂದ ಸಮುದ್ರ ದಾಟಿ ಹೋದವರು ಪರಊರಿನ ದೇವಸ್ಥಾನದಲ್ಲಿ ಬೂದುಗುಂಬಳ ಹೆಚ್ಚುವುದಕ್ಕೂ ಆ ಮಾತೇ ಸಾಕು.